ಮುಖದ ಮೇಲೇ ವಂಶಾವಳಿ!

ಕಾಗದ, ಲೇಖನಿ ಎರಡೂ ಇದ್ದವು. ಕನ್ನಡಿ ಮಾತ್ರ ಇರಲಿಲ್ಲ. 1826ರ ಸುಮಾರಿಗೆ ಇಂಗ್ಲೆಂಡಿನಲ್ಲಿದ್ದ ಮಾವೋರಿ ನಾಯಕ ತೆ ಪೆಹಿ ಕುಪೆ ತನ್ನ ಮುಖದ ತುಂಬ ಇದ್ದ ಹಚ್ಚೆಯನ್ನು ಸುರುಳಿ ಸುರುಳಿಯಾಗಿ ನೆನಪಿನಿಂದಲೇ ಬರೆದುಬಿಟ್ಟ! ಅದೇನು ಮಹಾ ಎನ್ನಬೇಡಿ. ನ್ಯೂಜಿಲೆಂಡಿನ ಮಾವೋರಿಗಳಿಗೆ ‘ಮೊಕೊ’ ಎಂಬ ಈ ಹಚ್ಚೆಯೇ ಹೆಸರು, ಕುಲ, ಅಂತಸ್ತು. ಒಬ್ಬರದಿದ್ದಂತೆ ಇನ್ನೊಬ್ಬರದಿಲ್ಲ. 1840ರಲ್ಲಿ ಬ್ರಿಟಿಷರೊಡನೆ ವೈಟಾಂಗಿ ಒಪ್ಪಂದವಾದಾಗ ಎಷ್ಟೋ ನಾಯಕರು ಮೊಕೊದ ಗೆರೆಗಳನ್ನೇ ಬರೆದು ರುಜು ಹಾಕಿದರು!

ಹಚ್ಚೆ ಎಂದೊಡನೆ ಸೂಜಿ ನೆನಪಾಯಿತೇ? ಆಗ ಇಲ್ಲಿ ಸೂಜಿಯ ಮಾತೇ ಇರಲಿಲ್ಲ. ಅಲ್ಬಟ್ರಾಸ್ ಎಂಬ ಕಡಲಹಕ್ಕಿಯ ಮೂಳೆಯಿಂದ ಮಾಡಿದ ಪುಟ್ಟ ಉಳಿ. ಅದನ್ನು ತಟ್ಟಿ ತಟ್ಟಿ ಕೆನ್ನೆಯ ಚರ್ಮವನ್ನೇ ಕೆತ್ತಿ ಮಸಿ ತುಂಬುತ್ತಿದ್ದರು. ಗೆರೆಯ ಮೇಲೆ ಬೆರಳಾಡಿಸಿದರೆ ತಗ್ಗು ಸಿಗಬೇಕು! ತುಟಿ, ಕೆನ್ನೆ ಊದಿಕೊಂಡವನಿಗೆ ಊಟ ಹೇಗೆ? ಕೆತ್ತನೆಯ ಮರದ ಆಲಿಕೆಯಿಂದ ತೆಳ್ಳಗಿನ ಆಹಾರವನ್ನು ಬಾಯಿಗೆ ಹೊಯ್ಯುತ್ತಿದ್ದರು. ಗಂಡಸರಿಗೆ ಮುಖವಿಡೀ, ತೊಡೆಗಳಿಗೂ. ಹೆಂಗಸರಿಗೆ ತುಟಿ, ಗಲ್ಲಕ್ಕೆ.

ಉಡುಪಿನ ಕತೆ ಇನ್ನೂ ಸೋಜಿಗ. ಹರಕೆಕೆ ಎಂಬ ಗಿಡದ ಉದ್ದನೆಯ ಎಲೆಯನ್ನು ಚಿಪ್ಪಿನಿಂದ ಕೆರೆದರೆ ರೇಷ್ಮೆಯಂಥ ನಾರು. ಕಾಲಿನ ಮೇಲೆ ಹೊಸೆದರೆ ದಾರ. ಮಗ್ಗವೇ ಇಲ್ಲ! ಎರಡು ಗೂಟಗಳ ನಡುವೆ ದಾರ ಕಟ್ಟಿ ಬೆರಳುಗಳಿಂದಲೇ ಹೆಣೆಯುತ್ತಾರೆ. ಹಿನೌ ಮರದ ತೊಗಟೆಯ ಒಗರುನೀರಿನಲ್ಲಿ ಅದ್ದಿ, ಕಬ್ಬಿಣದಂಶವಿರುವ ಕೆಸರಿನಲ್ಲಿ ನೆನೆಸಿದರೆ ಅಚ್ಚಗಪ್ಪು ಬಣ್ಣ. ಕೀವಿ ಹಕ್ಕಿಯ ಗರಿ ಸೇರಿಸಿ ಹೆಣೆದದ್ದು, ನಾಯಿಯ ತೊಗಲು ಹೊಲಿದದ್ದು, ಇಂಥ ಹೊದಿಕೆ ಹೆಗಲ ಮೇಲಿದ್ದರೆ ಬಂದವನ ಅಂತಸ್ತನ್ನು ಕೇಳಬೇಕಾಗಿರಲಿಲ್ಲ.

ಹರಕೆಕೆಯ ಎಲೆ ಕೊಯ್ಯುವುದಕ್ಕೂ ಕಟ್ಟಳೆ! ನಡುವಿನ ಸುಳಿ ಮಗು, ಇಕ್ಕೆಲದ ಎಲೆಗಳು ತಂದೆತಾಯಿ; ಅವನ್ನು ಮುಟ್ಟುವಂತಿಲ್ಲ, ಹೊರಗಿನವನ್ನಷ್ಟೇ ಕೊಯ್ಯಬೇಕು. ಮಾವೋರಿ ಸಮಾಜದ ಬುಡವೂ ಕುಟುಂಬವೇ. ಕುಟುಂಬಗಳು ಸೇರಿ ‘ಹಪೂ’, ಹಪೂಗಳು ಸೇರಿ ‘ಇವಿ’ ಎಂಬ ಬುಡಕಟ್ಟು. ಹಿರಿಯ ವಂಶದ ಅರಿಕಿ, ಹಪೂವಿನ ಮುಖಂಡ ರಂಗತಿರ, ಆಮೇಲೆ ಸಾಮಾನ್ಯರು, ಎಲ್ಲರಿಗಿಂತ ಕೆಳಗೆ ಯುದ್ಧದಲ್ಲಿ ಸೆರೆಸಿಕ್ಕ ಗುಲಾಮರು. ಯಾರ ಸ್ಥಾನ ಎಲ್ಲಿ ಎಂಬುದನ್ನು ವಂಶಾವಳಿ ಹೇಳುತ್ತಿತ್ತು. ಅದನ್ನು ಓದಲು ಮುಖ ನೋಡಿದರಾಯಿತು!

ಇದೆಲ್ಲ ಮ್ಯೂಸಿಯಂ ಸೇರಿತೆಂದುಕೊಂಡಿರಾ? 2020ರಲ್ಲಿ ನ್ಯೂಜಿಲೆಂಡಿನ ವಿದೇಶಾಂಗ ಸಚಿವೆಯಾದ ನನಾಯಾ ಮಹುತಾ ಅವರ ಗಲ್ಲದ ಮೇಲೆ ಮೊಕೊ ಇದೆ. ಹೊರಗಿನವರಿಗಾಗಿ ವಂಶದ ಗುರುತಿಲ್ಲದ ‘ಕಿರಿತುಹಿ’ ವಿನ್ಯಾಸಗಳೂ ಇವೆ. ಟ್ಯಾಟೂ ಹಾಕಿಸುವ ಆಸೆಯಾದರೆ ಅದನ್ನೇ ಕೇಳಿ. ಇನ್ನೊಬ್ಬರ ಅಜ್ಜ-ಮುತ್ತಜ್ಜರನ್ನು ನಿಮ್ಮ ತೋಳಿಗೆ ಏರಿಸಿಕೊಳ್ಳಬೇಡಿ.