ಹ್ಯಾಪ್ಲೊಟೈಪ್: ಗೊಂಚಲಾಗಿ ಇಳಿದುಬರುವ ವಂಶವಾಹಿಗಳು

ಅಡಿಕೆ ತೋಟದಲ್ಲಿ ಮರವೇರಿದ ಕೊನೆಗೌಡ ಕಾಯಿಗಳನ್ನು ಒಂದೊಂದಾಗಿ ಬಿಡಿಸುವುದಿಲ್ಲ. ಇಡೀ ಕೊನೆಯನ್ನೇ ಕೊಯ್ದು ಇಳಿಸುತ್ತಾನೆ. ತಂದೆತಾಯಿಯರಿಂದ ಮಕ್ಕಳಿಗೆ ಬರುವ ವಂಶವಾಹಿಗಳ ಕಥೆಯೂ ಬಹುಮಟ್ಟಿಗೆ ಇದೇ. ಒಂದೇ ವರ್ಣತಂತುವಿನ ಮೇಲೆ ಅಕ್ಕಪಕ್ಕದಲ್ಲಿರುವ ವಂಶವಾಹಿಗಳು ಸಾಮಾನ್ಯವಾಗಿ ಗೊಂಚಲಾಗಿಯೇ ಮುಂದಿನ ತಲೆಮಾರಿಗೆ ಇಳಿಯುತ್ತವೆ. ಹೀಗೆ ಒಟ್ಟಿಗೆ ಬರುವ ರೂಪಗಳ ಗೊಂಚಲೇ ‘ಹ್ಯಾಪ್ಲೊಟೈಪ್’.

ಗ್ರೀಕ್ ಭಾಷೆಯ ‘ಹ್ಯಾಪ್ಲೂಸ್’ ಎಂದರೆ ಒಂಟಿ. ನಮ್ಮ ಜೀವಕೋಶಗಳಲ್ಲಿ ವರ್ಣತಂತುಗಳು 23 ಜೊತೆ. ಅಂಡಾಣು, ವೀರ್ಯಾಣುಗಳಲ್ಲಿ ಮಾತ್ರ ಪ್ರತಿ ಜೊತೆಯಿಂದ ಒಂದೇ. ಈ ಒಂಟಿ ಸ್ಥಿತಿ ‘ಹ್ಯಾಪ್ಲಾಯ್ಡ್’. ಇದಕ್ಕೆ ವಂಶವಾಹಿಗಳ ವಿನ್ಯಾಸವನ್ನು ಸೂಚಿಸುವ ‘ಜೀನೊಟೈಪ್’ ಬೆಸೆದು ‘ಹ್ಯಾಪ್ಲೊಟೈಪ್’ ಹುಟ್ಟಿತು. 1967ರಲ್ಲಿ ಅದನ್ನು ಬಳಕೆಗೆ ತಂದವರು ಇಟಲಿಯ ರುಗ್ಗೆರೊ ಚೆಪ್ಪೆಲ್ಲಿನಿ. ಅಂಗಾಂಶ ಹೊಂದಾಣಿಕೆಯನ್ನು ನಿರ್ಧರಿಸುವ, ಆರನೆಯ ವರ್ಣತಂತುವಿನ ವಂಶವಾಹಿಗಳ ಅಧ್ಯಯನಕ್ಕೆ ಈ ಪದ ಬೇಕಾಗಿತ್ತು. ತಂದೆಯ ಎರಡು ಗೊಂಚಲುಗಳಲ್ಲಿ ಒಂದು, ತಾಯಿಯ ಎರಡರಲ್ಲಿ ಒಂದು ಮಗುವಿಗೆ ಬರುತ್ತದೆ. ಆದ್ದರಿಂದಲೇ ಅಸ್ಥಿಮಜ್ಜೆ ಕಸಿಗೆ ಒಡಹುಟ್ಟಿದವರೊಬ್ಬರು ಪೂರ್ಣವಾಗಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಗೊಂಚಲು ಎಂದೆಂದಿಗೂ ಒಡೆಯುವುದಿಲ್ಲವೆಂದಲ್ಲ. ಅಂಡಾಣು, ವೀರ್ಯಾಣುಗಳು ರೂಪುಗೊಳ್ಳುವಾಗ ಜೊತೆ ವರ್ಣತಂತುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಆಗ ದೂರದ ವಂಶವಾಹಿಗಳು ಬೇಗ ಅಗಲುತ್ತವೆ. ತೀರ ಹತ್ತಿರದವು ನೂರಾರು ತಲೆಮಾರು ಜೊತೆಗಿರಬಲ್ಲವು. ಹಾಗಾಗಿ ಹ್ಯಾಪ್ಲೊಟೈಪ್ ಜನಸಮುದಾಯಗಳ ಪೂರ್ವೇತಿಹಾಸಕ್ಕೂ ಸಾಕ್ಷಿ.

ಕರ್ನಾಟಕದಲ್ಲಿ ಇದರ ಮಹತ್ವ ತಿಳಿಯುವುದು ಕುಡುಗೋಲು ಕಣ ರೋಗದಲ್ಲಿ. ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಬುಡಕಟ್ಟು ಜನರಲ್ಲಿ ಈ ಕಾಯಿಲೆಯಿದೆ. ನೆರೆಯ ನೀಲಗಿರಿಯಲ್ಲಿ ಇದರ ಸುಳಿವು 1952ರಷ್ಟು ಹಿಂದೆಯೇ ಸಿಕ್ಕಿತ್ತು. ರೋಗಕ್ಕೆ ಕಾರಣ ಹನ್ನೊಂದನೆಯ ವರ್ಣತಂತುವಿನ ಒಂದೇ ಒಂದು ‘ಅಕ್ಷರ’ದ ಬದಲಾವಣೆ. ಆಫ್ರಿಕದಲ್ಲೂ ಭಾರತದಲ್ಲೂ ಆ ಬದಲಾವಣೆ ಒಂದೇ. ಸುತ್ತಲಿನ ಗೊಂಚಲು ಮಾತ್ರ ಬೇರೆ. ಆಫ್ರಿಕದವು ಸೆನೆಗಲ್, ಬೆನಿನ್, ಕ್ಯಾಮೆರೂನ್, ಬಾಂಟು ಹೆಸರಿನವು. ಇಲ್ಲಿಯದು ‘ಅರಬ್–ಭಾರತೀಯ’, ಸೌದಿ ಅರೇಬಿಯದ ಪೂರ್ವಭಾಗದಲ್ಲೂ ಅದೇ ಕಾಣುತ್ತದೆ.

ಈ ಗೊಂಚಲಿರುವವರಲ್ಲಿ ಗರ್ಭಸ್ಥ ಶಿಶುವಿನ ಬಗೆಯ ಹಿಮೋಗ್ಲೋಬಿನ್ ಬೆಳೆದ ಮೇಲೂ ಹೆಚ್ಚಾಗಿ ಉಳಿಯುವುದರಿಂದ, ರೋಗದ ಉಗ್ರತೆ ಅನೇಕ ವೇಳೆ ತಗ್ಗುತ್ತದೆ. ಎಲ್ಲರಿಗೂ ಈ ರಕ್ಷಣೆ ಸಿಗುವುದೆಂದು ತಿಳಿಯಬಾರದು. ತೀವ್ರ ನೋವು, ರಕ್ತಹೀನತೆ, ಸೋಂಕುಗಳಿಂದ ನರಳುವವರು ಇಲ್ಲೂ ಇದ್ದಾರೆ. ದಂಪತಿಗಳಿಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನೂರಕ್ಕೆ 25. ವಾಹಕರು ಆರೋಗ್ಯವಂತರಾಗಿಯೇ ಕಾಣುವುದರಿಂದ ಪರೀಕ್ಷೆಯಿಲ್ಲದೆ ಇದು ತಿಳಿಯದು. 2023ರ ಜುಲೈಯಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನವು ಬುಡಕಟ್ಟು ಪ್ರದೇಶಗಳಲ್ಲಿ ರಕ್ತಪರೀಕ್ಷೆಗೆ ಒತ್ತು ಕೊಟ್ಟಿರುವುದು ಇದಕ್ಕಾಗಿಯೇ.