ಸಿಡಿಲು ನಿರೋಧಕವೋ, ಸಿಡಿಲು ವಾಹಕವೋ?

ಕಣ್ಣಿಗೆ ತೋರುವುದು ಮಿಂಚು, ಕಿವಿಗೆ ಕೇಳುವುದು ಗುಡುಗು, ನೆಲಕ್ಕೆ ಬಡಿಯುವುದು ಸಿಡಿಲು. ಹೀಗೆ ಈ ಮೂರು ಶಬ್ದಗಳು ಕನ್ನಡದಲ್ಲಿ ಭಿನ್ನಾರ್ಥವುಳ್ಳವು. ಅಮರಸಿಂಹನೂ ವಿದ್ಯುತ್ತಿನ ಪರ್ಯಾಯಗಳನ್ನು ದಿಗ್ವರ್ಗದಲ್ಲಿಯೂ, ಅಶನಿಯನ್ನು ವಜ್ರದ ಪರ್ಯಾಯಗಳೊಡನೆ ಸ್ವರ್ಗವರ್ಗದಲ್ಲಿಯೂ ಹೇಳಿರುವನು. ಇಷ್ಟು ವಿವೇಕವುಳ್ಳ ನಮ್ಮ ಭಾಷೆಯಲ್ಲಿ, ಮಾಡಿನ ಮೇಲೆ ನಿಲ್ಲಿಸುವ ಲೋಹದ ಸಲಾಕೆಗೆ ಮಾತ್ರ ‘ಸಿಡಿಲು ನಿರೋಧಕ’ವೆಂಬ ಹೆಸರು ರೂಢಿಗೆ ಬಂದಿರುವುದು ವಿಚಾರಾರ್ಹವಾಗಿದೆ.

18ನೆಯ ಶತಮಾನದ ಮಧ್ಯದಲ್ಲಿ ಈ ಸಲಾಕೆಯನ್ನು ಸೂಚಿಸಿದ ಬೆಂಜಮಿನ್ ಫ್ರಾಂಕ್ಲಿನನು, ಅದರ ಮೊನೆಯು ಮೇಘದ ವಿದ್ಯುತ್ತನ್ನು ಸದ್ದಿಲ್ಲದೆ ಸೆಳೆದು ಸಿಡಿಲನ್ನೇ ತಪ್ಪಿಸಬಹುದೆಂದು ಮೊದಲು ಎಣಿಸಿದ್ದನು. ವಸ್ತುಸ್ಥಿತಿಯು ಹಾಗಿಲ್ಲ. ಸಲಾಕೆಯು ಸಿಡಿಲನ್ನು ತಡೆಯದು. ಬಿದ್ದ ಸಿಡಿಲು ಮನೆಯನ್ನು ಸುಡದೆ ನೆಲಕ್ಕಿಳಿಯುವಂತೆ ದಾರಿಯನ್ನು ಕೊಡುವುದು. ಈ ದಾರಿಗೆ ಗ್ರಹಣ, ಅವತರಣ, ಭೂಯೋಗವೆಂದು ಮೂರು ಅಂಗಗಳು.

ಪೊನ್ನಂಪೇಟೆಯ ಹಂಚಿನ ಮನೆಯೊಂದನ್ನು ದೃಷ್ಟಾಂತಕ್ಕಾಗಿ ತೆಗೆದುಕೊಳ್ಳೋಣ. ಇಲ್ಲಿ ಮುಂಗಾರಿಗೆ ಮುಂಚೆ, ಏಪ್ರಿಲ್-ಮೇ ತಿಂಗಳುಗಳಲ್ಲಿ, ಮಳೆಯು ಗುಡುಗು ಸಿಡಿಲುಗಳೊಡನೆ ಬರುವುದು. ಭಾರತದಲ್ಲಿ ಅಂಗೀಕೃತವಾದ 62305ನೆಯ ಮಾನಕವು ರಕ್ಷಣೆಯನ್ನು 4 ವರ್ಗಗಳಾಗಿ ವಿಂಗಡಿಸಿದೆ. 3ನೆಯ ವರ್ಗದಲ್ಲಿ, 45 ಮೀಟರ್ ತ್ರಿಜ್ಯದ ಗೋಲವೊಂದನ್ನು ಮನೆಯ ಮೇಲೆ ಉರುಳಿಸಿದಂತೆ ಭಾವಿಸಬೇಕು. ಗೋಲವು ಮುಟ್ಟುವ ಎಡೆಯೇ ಸಿಡಿಲು ಮುಟ್ಟಬಹುದಾದ ಎಡೆ. ಇಳಿಜಾರು ಮಾಡಿನಲ್ಲಿ ಅದು ಪ್ರಧಾನವಾಗಿ ನೆತ್ತಿಯನ್ನೂ ಅದರ ಎರಡು ತುದಿಗಳನ್ನೂ ಮುಟ್ಟುವುದರಿಂದ, ಅಲ್ಲಿ ತಾಮ್ರದ ಪಟ್ಟಿಯನ್ನು ಹಾಸಿ ತುದಿಗಳಲ್ಲಿ ಸಲಾಕೆಗಳನ್ನು ನಿಲ್ಲಿಸುವುದು ಯುಕ್ತ. ಇದು ಗ್ರಹಣ.

ಅವತರಣಕ್ಕೆ ಒಂದು ಪಟ್ಟಿ ಸಾಲದು. ಕನಿಷ್ಠ ಎರಡು ಬೇಕು. ಈ ವರ್ಗದಲ್ಲಿ ಮನೆಯ ಸುತ್ತಳತೆಯ ಸುಮಾರು 15 ಮೀಟರಿಗೊಂದು ಪಟ್ಟಿಯನ್ನು ಇಳಿಸುವುದು ವಿಹಿತವಾಗಿದೆ. ಪಟ್ಟಿಯಲ್ಲಿ ಚೂಪಾದ ತಿರುವಿದ್ದರೆ ಸಿಡಿಲು ಅದನ್ನು ಬಿಟ್ಟು ಗೋಡೆಗೆ ಹಾರಬಹುದು. ಕೊನೆಗೆ ಪಟ್ಟಿಗಳೆಲ್ಲವನ್ನೂ ನೆಲದೊಳಗೆ ಒಂದಕ್ಕೊಂದು ಕೂಡಿಸಿ, ಭೂಮಿಯ ರೋಧವು 10 ಓಮಿಗೆ ಮೀರದಂತೆ ನೋಡಿಕೊಳ್ಳುವುದು ಒಳ್ಳೆಯದು.

ಕಾಫಿತೋಟದ ಸಿಲ್ವರ್ ಓಕ್ ಮರವು ಮನೆಗಿಂತ ಎತ್ತರವಾಗಿರುವುದರಿಂದ ಅದೇ ಕಾಯುವುದೆಂಬ ನಂಬಿಕೆಯು ಸಲ್ಲದು. ಮರವು ಒಳ್ಳೆಯ ವಾಹಕವಲ್ಲ; ಅದಕ್ಕೆ ಬಡಿದ ಸಿಡಿಲು ಪಕ್ಕದ ಮನೆಗೂ ಹಾರಬಲ್ಲುದು.

ಹೆಸರಿನ ದೋಷದಿಂದ ಏನು ಹಾನಿಯೆಂದು ಕೇಳಬಹುದು. ‘ನಿರೋಧಕ’ವೆಂದು ನಂಬಿದವನು ಮೇಲಿನ ಮೊನೆಯನ್ನು ಕಂಡು ನಿಶ್ಚಿಂತನಾಗುವನು, ಹಂಚು ಹೊದಿಸುವಾಗ ನಡುವೆ ಪಟ್ಟಿಯು ತುಂಡಾದರೆ ವಿಚಾರಿಸನು. ಗ್ರಹಿಸಿದುದನ್ನು ದಾಟಿಸಲಾರದ ಸಲಾಕೆಯಾದರೋ ಇಲ್ಲದ ಸಲಾಕೆಗಿಂತಲೂ ಅಪಾಯಕರ. ‘ವಾಹಕ’ವೆಂದವನು ದಾರಿಯು ಕೊನೆ ಮುಟ್ಟಿದೆಯೇ ಎಂದು ನೋಡದಿರನು.

‘ಸಿಡಿಲು ವಾಹಕ’ವು ಅರಿಸಮಾಸವೆಂದು ಆಕ್ಷೇಪಿಸುವವರು ‘ಅಶನಿವಾಹಕ’ವೆನ್ನಲಿ, ಅಚ್ಚಗನ್ನಡವನ್ನು ಬಯಸುವವರು ‘ಸಿಡಿಲುದಾರಿ’ಯೆನ್ನಲಿ. ಯಾವುದಾದರೂ ಸರಿಯೇ, ನಿರೋಧಕವೆಂಬುದನ್ನು ಮಾತ್ರ ಪಾಠಶಾಲೆಗಳಲ್ಲಿ ಕಲಿಸದಿರಬೇಕೆಂದು ವಿದ್ವಾಂಸರಲ್ಲಿ ವಿಜ್ಞಾಪಿಸುತ್ತೇನೆ.