ಸಣಕಲು ಮೈಯಲ್ಲೂ ಕೊಬ್ಬು

ಒಂದೇ ಎತ್ತರ, ಒಂದೇ ತೂಕದ ಇಬ್ಬರು ಹದಿಹರೆಯದವರ ಮೈಯಲ್ಲಿ ಕೊಬ್ಬು, ಸ್ನಾಯು, ಮೂಳೆಗಳ ಪಾಲು ಒಂದೇ ಇರಬೇಕೆಂದೇನಿಲ್ಲ. ಯುರೋಪ್ ಮೂಲದ ಮಕ್ಕಳಿಗೆ ಹೋಲಿಸಿದರೆ ಭಾರತೀಯ ಮಕ್ಕಳಲ್ಲಿ ಸಾಮಾನ್ಯವಾಗಿ ಸ್ನಾಯು ಕಡಿಮೆ, ಕೊಬ್ಬು ಜಾಸ್ತಿ. ಆ ಕೊಬ್ಬೂ ಕೈಕಾಲಿಗಿಂತ ಹೊಟ್ಟೆ, ಬೆನ್ನಿನ ಕಡೆ ಹೆಚ್ಚಾಗಿ ಸೇರುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳ ಶಾಲೆಗಳ ಆರೋಗ್ಯ ತಪಾಸಣೆಯಲ್ಲಿ ಮುಖ್ಯವಾಗಿ ಬರೆದುಕೊಳ್ಳುವುದು ಎತ್ತರ ಮತ್ತು ತೂಕವನ್ನು. ಈ ವ್ಯತ್ಯಾಸ ಅದರಲ್ಲಿ ಕಾಣಿಸದು.

ಈ ತಾಲ್ಲೂಕುಗಳಿಗೆ ಹತ್ತಿರದ ಪುರಾವೆ ಸಿಗುವುದು ಮೈಸೂರಿನಲ್ಲಿ. ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ಅಳತೆಗಳನ್ನು ಬರೆದಿಡಲಾಗಿತ್ತು. 1954ರವರೆಗೆ ಅಲ್ಲಿ ಹುಟ್ಟಿದವರಲ್ಲಿ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ನಡುವಯಸ್ಸಿನ ನಂತರ ಹೃದ್ರೋಗ ಹೆಚ್ಚೆಂದು ತಿಳಿಯಿತು. 1996ರಲ್ಲಿ ಪ್ರಕಟವಾದ ಈ ಫಲಿತಾಂಶ, ಹಳೆಯ ಹೆರಿಗೆ ಪುಸ್ತಕಗಳನ್ನು ರದ್ದಿಗೆ ಹಾಕದೆ ಉಳಿಸಿದ್ದರ ಫಲ. 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ 830 ಗರ್ಭಿಣಿಯರ ಸಕ್ಕರೆ ಪರೀಕ್ಷೆಯೊಂದಿಗೆ ಪಾರ್ಥೆನಾನ್ ಅಧ್ಯಯನ ಶುರುವಾಯಿತು. ಅವರ ಮಕ್ಕಳನ್ನು ಹದಿಹರೆಯದವರೆಗೂ ಅಳೆಯುತ್ತ ಬರಲಾಯಿತು. ಬ್ರಿಟನ್ನಿನ ಮಕ್ಕಳಿಗಿಂತ ಇವರು ಹುಟ್ಟುವಾಗ ಎಲ್ಲದರಲ್ಲೂ ಚಿಕ್ಕವರು, ಆದರೆ ಬೆನ್ನಿನ ರೆಕ್ಕೆಮೂಳೆಯ ಕೆಳಗಿನ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿರಲಿಲ್ಲ. ನಾಲ್ಕನೆಯ ವಯಸ್ಸಿಗೆ ಗಿಡ್ಡಗೆ, ಹಗುರವಾಗಿಯೇ ಉಳಿದರೂ ಬೆನ್ನಿನ ಆ ಭಾಗದ ಕೊಬ್ಬು ಬ್ರಿಟನ್ನಿನ ಮಕ್ಕಳದನ್ನು ಮೀರಿತ್ತು.

ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಅವರ ತಂಡ 2003ರಲ್ಲಿ ಇಂಥದೇ ಚಿತ್ರ ಕೊಟ್ಟಿತ್ತು: ಪುಣೆ ಸುತ್ತಲ ಹಳ್ಳಿಗಳ ಕೂಸುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನವುಗಳದು 3.5 ಕಿಲೋ. ಮರುವರ್ಷ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ ತಮ್ಮಿಬ್ಬರ ಮೈಯನ್ನೇ ಉದಾಹರಣೆಗೆ ಒಡ್ಡಿದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 22.3. ಕೊಬ್ಬಿನ ಪಾಲು ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2.

ಇದನ್ನೆಲ್ಲ ರಕ್ತದ ಗುಣ ಎಂದು ಬಿಡುವುದು ಅವಸರದ ತೀರ್ಮಾನ. ತಾಯಿಯ ಎತ್ತರ, ಬಸಿರಿನಲ್ಲಿ ಅವಳು ಉಂಡದ್ದು, ಅವಳ ರಕ್ತದ ಸಕ್ಕರೆ, ಮಗುವಿನ ಬಾಲ್ಯದ ಕಾಯಿಲೆಗಳು ಎಲ್ಲವೂ ಮೈಕಟ್ಟನ್ನು ರೂಪಿಸುತ್ತವೆ. ಕನ್ನಂಬಾಡಿಯ ನಾಲೆ ನೀರುಂಡ ಭತ್ತ-ಕಬ್ಬಿನ ಊರಿನ ಹುಡುಗನನ್ನು ನಾಗಮಂಗಲದ ಮಳೆಯಾಶ್ರಿತ ರಾಗಿ ಹೊಲದ ಹುಡುಗನೊಂದಿಗೆ ಜಾತಿಯ ಹೆಸರಲ್ಲಿ ಹೋಲಿಸಿದರೆ, ಅಳೆದಂತಾಗುವುದು ಹೆಚ್ಚಾಗಿ ಮನೆಯ ಸ್ಥಿತಿಗತಿಯನ್ನು. ವಯಸ್ಸೂ ಮೋಸ ಮಾಡುತ್ತದೆ. ಹುಡುಗಿಯರು ಸುಮಾರು 12ಕ್ಕೆ, ಹುಡುಗರು ಸುಮಾರು 14ಕ್ಕೆ ಒಮ್ಮೆಲೇ ಉದ್ದವಾಗುತ್ತಾರೆ. ಆಮೇಲೆ ಹುಡುಗರಿಗೆ ಸ್ನಾಯು, ಹುಡುಗಿಯರಿಗೆ ಕೊಬ್ಬು ತುಂಬಿಕೊಳ್ಳುತ್ತದೆ. ಮೈ ನೆರೆದವಳನ್ನೂ ನೆರೆಯದವಳನ್ನೂ ಒಂದೇ ತರಗತಿಯವರೆಂದು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

2016-18ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ 10ರಿಂದ 19 ವರ್ಷದವರಲ್ಲಿ ನೂರಕ್ಕೆ 24 ಮಂದಿ ತೆಳ್ಳಗಿದ್ದರು, ತೂಕ ಮೀರಿದವರು 5 ಮಂದಿ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರು ಮಾತ್ರ ಸುಮಾರು 10 ಮಂದಿ. ಅಂದರೆ ದಪ್ಪಗಿದ್ದವರ ಎರಡರಷ್ಟು; ತೂಕವೊಂದೇ ಈ ಅಪಾಯವನ್ನು ತೋರಿಸದು.

ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2015ರ ತನ್ನ ಬೆಳವಣಿಗೆ ಪಟ್ಟಿಯಲ್ಲಿ, ವಯಸ್ಕರ ಬಿಎಂಐ 23ಕ್ಕೆ ಸಮನಾದ ಗೆರೆಯಿಂದಲೇ ಅತಿತೂಕ ಎಂದು ಗುರುತಿಸಿತು. ಅಂತರರಾಷ್ಟ್ರೀಯ ಗೆರೆ 25. ಅಕಾಡೆಮಿಯ ಗೆರೆಯಂತೆ 165 ಸೆಂ.ಮೀ. ಎತ್ತರದ 18ರ ಹುಡುಗನಿಗೆ 68 ಕಿಲೋ ಬದಲು 63ಕ್ಕೇ ಎಚ್ಚರಿಕೆ. ಇದಕ್ಕಿಂತ ಸುಲಭದ ದಾರಿ ದರ್ಜಿಯ ಟೇಪು: ಸೊಂಟದ ಸುತ್ತಳತೆ ಎತ್ತರದ ಅರ್ಧವನ್ನು ಮುಟ್ಟಿದರೆ, ಮಗು ನೋಡಲು ಸಣಕಲಿದ್ದರೂ ಹೊಟ್ಟೆಯ ಕೊಬ್ಬು ಹೆಚ್ಚಿದೆ ಎಂದು ಲೆಕ್ಕ.